ನಾಲ್ಕು ಆಸ್ಪರಾಗಸ್ ತಳಿಗಳನ್ನು ಪಕ್ಕಪಕ್ಕ ಬೆಳೆದು ತೂಗಿ ನೋಡಿದ ಅನುಭವ

ಆಸ್ಪರಾಗಸ್ ಎಂದರೆ ಒಮ್ಮೆ ನೆಟ್ಟರೆ ಹಲವು ವರ್ಷ ಬಾಳುವ, ನೆಲದಿಂದ ಏಳುವ ಎಳೆಯ ಕುಡಿಗಳನ್ನೇ ತರಕಾರಿಯಾಗಿ ತಿನ್ನುವ ಗಿಡ. ಅದರ ಯಾವ ತಳಿ ಹೆಚ್ಚು ಇಳುವರಿ ಕೊಡುತ್ತದೆ ಎಂದು ಕೇಳುವವರಿಗೆ ನಾನು ಮೊದಲು ಹೇಳುವ ಮಾತು, ಮೊದಲ ಮೂರು ವರ್ಷದ ತೂಕ ನೋಡಿ ತೀರ್ಮಾನಕ್ಕೆ ಬರಬೇಡಿ ಎಂಬುದು. ನೆಟ್ಟ ವರ್ಷ ಒಂದು ಕುಡಿಯನ್ನೂ ಮುರಿಯುವಂತಿಲ್ಲ. ಎರಡನೇ ವರ್ಷ ಒಂದೆರಡು ವಾರ, ಮೂರನೇ ವರ್ಷ ಮೂರು-ನಾಲ್ಕು ವಾರ ಕೊಯ್ಯಬಹುದು. ಆರರಿಂದ ಎಂಟು ವಾರದ ಪೂರ್ತಿ ಕೊಯ್ಲು ಸಿಗುವುದು ಆಮೇಲೆಯೇ. ಅಲ್ಲಿಯವರೆಗೆ ತಕ್ಕಡಿಯಲ್ಲಿ ಕಾಣುವುದು ತಳಿಯ ಗುಣಕ್ಕಿಂತ ನೆಡಲೆಂದು ನರ್ಸರಿಯವರು ಕಳಿಸಿದ ಬುಡಗಡ್ಡೆ (ಬೇರುಸಮೇತವಾದ ಗಿಡದ ಬುಡ) ದೊಡ್ಡದಿತ್ತೋ ಚಿಕ್ಕದಿತ್ತೋ ಎಂಬುದು.

ನಾವಿರುವುದು ಕೆನಡಾದ ದಕ್ಷಿಣ ಒಂಟಾರಿಯೊದಲ್ಲಿ. ಇಲ್ಲಿ ಆಸ್ಪರಾಗಸ್ ಎಂದರೆ ಈರಿ ಸರೋವರದ ದಂಡೆಯ ನಾರ್ಫೋಕ್ ಕೌಂಟಿ ನೆನಪಾಗುತ್ತದೆ. ಒಂದು ಕಾಲಕ್ಕೆ ತಂಬಾಕು ಬೆಳೆಯುತ್ತಿದ್ದ ಮರಳುಮಣ್ಣಿನ ಹೊಲಗಳು ಅಲ್ಲಿವೆ. ನೀರು ನಿಲ್ಲದ, ಸಡಿಲವಾದ ಆ ಮಣ್ಣು ಈ ಬೆಳೆಗೆ ಹೇಳಿಮಾಡಿಸಿದ್ದು. ನಮ್ಮ ಹಿತ್ತಲಿನದು ಅಂಟು ಜೇಡಿ. ಹಾಗಾಗಿ ಪಾತಿಗಳನ್ನು ನೆಲದಿಂದ ಎತ್ತರಿಸಿ, ಎಲೆಗೊಬ್ಬರ ಬೆರೆಸಿ, ಸುಣ್ಣ ಹಾಕಿ ಪಿಎಚ್ 7ರ ಆಸುಪಾಸಿಗೆ ತಂದೆ. ಹುಳಿ ಮಣ್ಣು ಈ ಗಿಡಕ್ಕೆ ಆಗದು. ಸುಮಾರು 15 ಸೆಂ.ಮೀ. ಆಳದ ಕಾಲುವೆ ತೋಡಿ, ಗಡ್ಡೆಯಿಂದ ಗಡ್ಡೆಗೆ 45 ಸೆಂ.ಮೀ. ಅಂತರ ಬಿಟ್ಟು ನೆಟ್ಟೆ. ಕುಡಿ ಮೇಲೆ ಬಂದಂತೆ ಸ್ವಲ್ಪ ಸ್ವಲ್ಪವೇ ಮಣ್ಣು ಎಳೆದು ಮುಚ್ಚಿದೆ.

ಆರಿಸಿಕೊಂಡ ತಳಿಗಳು ನಾಲ್ಕು: ಮೇರಿ ವಾಷಿಂಗ್ಟನ್, ಜರ್ಸಿ ನೈಟ್, ಮಿಲೆನಿಯಮ್, ಪರ್ಪಲ್ ಪ್ಯಾಷನ್. ಒಂದು ತಳಿಗೆ ಒಂದು ಸಾಲು ಎಂದು ಹಂಚಲಿಲ್ಲ. ಬೇಲಿಯ ಕಡೆ ಮಧ್ಯಾಹ್ನದ ಮೇಲೆ ನೆರಳು ಬೀಳುತ್ತದೆ, ಪಕ್ಕದ ಮನೆಯ ಮೇಪಲ್ ಮರದ ಬೇರು ಅಲ್ಲಿಗೂ ಬರುತ್ತದೆ. ಆ ಸಾಲಿಗೆ ಬಿದ್ದ ತಳಿ ಸೋತೇ ಸೋಲುತ್ತದೆ. ಅದಕ್ಕೇ ಪ್ರತಿ ತಳಿಯನ್ನೂ ಎರಡು ಪಾಲು ಮಾಡಿ, ಒಂದನ್ನು ಬೇಲಿಯತ್ತ, ಇನ್ನೊಂದನ್ನು ಬಯಲಿನತ್ತ ನೆಟ್ಟೆ. ಲೆಕ್ಕ ಇಟ್ಟದ್ದೂ ಸಾಲಿಗಲ್ಲ, ಬದುಕಿರುವ ಗಿಡಕ್ಕೆ. ನಡುವೆ ಸತ್ತ ಗಡ್ಡೆಗಳನ್ನು ಬಿಟ್ಟು ಸರಾಸರಿ ತೆಗೆಯದಿದ್ದರೆ ಹೋಲಿಕೆಗೆ ಅರ್ಥವಿಲ್ಲ.

ಮೇ ತಿಂಗಳಲ್ಲಿ ಮಣ್ಣಿನ ಬಿಸಿ 10 ಡಿಗ್ರಿ ದಾಟುತ್ತಿದ್ದಂತೆ ಕುಡಿಗಳು ಏಳುತ್ತವೆ. ಸೆಖೆ ಹೆಚ್ಚಿದ ದಿನ ಬೆಳಿಗ್ಗೆ ಗೇಣುದ್ದ ಇರದಿದ್ದುದು ಸಂಜೆಗೆ ಕೊಯ್ಲಿಗೆ ಬಂದಿರುತ್ತದೆ. ಸುಮಾರು 20 ಸೆಂ.ಮೀ. ಎತ್ತರಕ್ಕೆ ಬಂದದ್ದನ್ನು ಕೈಯಿಂದಲೇ ಮುರಿಯುತ್ತೇನೆ. ಮುರಿದರೆ ನಾರು ನೆಲದಲ್ಲೇ ಉಳಿದು, ಎಳೆಯ ಭಾಗವಷ್ಟೇ ಕೈಗೆ ಬರುತ್ತದೆ. ಚಾಕು ಹಾಕಿದರೆ ಬುಡದ ನಾರೂ ತೂಕಕ್ಕೆ ಸೇರುತ್ತದೆ. ಅಡುಗೆಮನೆಯ ತಕ್ಕಡಿಯಲ್ಲಿ ತಳಿವಾರು ತೂಗಿ, ಕುಡಿಗಳನ್ನು ಎಣಿಸಿ, ತಾರೀಖಿನ ಜೊತೆ ಬರೆದಿಡುವುದು ರೂಢಿಯಾಯಿತು. ತೂಕ, ಎಣಿಕೆ ಎರಡೂ ಬೇಕು. ಕುಡಿ ದಪ್ಪ ಇದ್ದರೆ ಇಳುವರಿಯೂ ಜಾಸ್ತಿ ಎಂದು ಕಣ್ಣಿಗೆ ಅನ್ನಿಸುತ್ತದೆ. ನನ್ನ ಪುಸ್ತಕ ನೋಡಿದರೆ, ಋತುವಿನ ಮೊತ್ತವನ್ನು ಏರಿಸಿದ್ದು ದಪ್ಪವಲ್ಲ, ಸಂಖ್ಯೆ.

ಇದಕ್ಕೆ ಕಾರಣ ಗಿಡದೊಳಗೇ ಇದೆ. ಆಸ್ಪರಾಗಸ್‌ನಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಹೆಣ್ಣಿನ ಕುಡಿ ದಪ್ಪ, ಆದರೆ ಸಂಖ್ಯೆ ಕಡಿಮೆ, ಕೆಂಪು ಹಣ್ಣು ಬಲಿಸುವುದಕ್ಕೆ ಶಕ್ತಿ ಖರ್ಚು. ಗಂಡು ಗಿಡ ಹೆಚ್ಚು ಕುಡಿ ಕೊಡುತ್ತದೆ, ಹೆಚ್ಚು ವರ್ಷ ಬಾಳುತ್ತದೆ. ಅಮೆರಿಕದ ರಟ್‌ಗರ್ಸ್ ವಿಶ್ವವಿದ್ಯಾಲಯದಲ್ಲಿ ಹೋವರ್ಡ್ ಎಲಿಸನ್ ಇದನ್ನೇ ಹಿಡಿದು ಜರ್ಸಿ ಸರಣಿಯ ತಳಿಗಳನ್ನು ತಂದರು. ಗಿಡವನ್ನು ಗಂಡಾಗಿಸುವ ವೈ ಕ್ರೋಮೋಸೋಮ್ ಎರಡು ಇರುವ 'ಸೂಪರ್‌ಮೇಲ್' ಗಿಡವನ್ನು ಹೆಣ್ಣಿನೊಂದಿಗೆ ಕೂಡಿಸಿದರೆ ಹುಟ್ಟುವ ಸಂತತಿಯೆಲ್ಲ ಗಂಡು. ಒಂಟಾರಿಯೊದ ಗ್ವೆಲ್ಫ್ ವಿಶ್ವವಿದ್ಯಾಲಯದ ಮಿಲೆನಿಯಮ್ ಕೂಡ ಇಂಥ ಪೂರ್ತಿ ಗಂಡು ತಳಿಯೇ.

ನಮ್ಮ ಹಿತ್ತಲಲ್ಲಿ ಗೆದ್ದದ್ದು ಅದೇ ಮಿಲೆನಿಯಮ್. ಪೂರ್ತಿ ಕೊಯ್ಲಿನ ವರ್ಷಗಳಲ್ಲಿ ಗಿಡವೊಂದಕ್ಕೆ ಸರಾಸರಿ ಕಾಲು ಕಿಲೋ ಮುಟ್ಟಿದೆ. ಕುಡಿ ಮಧ್ಯಮ ದಪ್ಪ, ಆದರೆ ಬರುತ್ತಲೇ ಇರುತ್ತದೆ. ಅದಕ್ಕಿಂತ ನನಗೆ ಮುಖ್ಯವಾಗಿ ಕಂಡದ್ದು ಅದು ತಡವಾಗಿ ಏಳುವ ಗುಣ. ಮೇ ತಿಂಗಳ ರಾತ್ರಿ ಹಿಮ ಬಿದ್ದರೆ ನೆಲದ ಮೇಲಿರುವ ಕುಡಿಯೆಲ್ಲ ಮೆತ್ತಗಾಗಿ ಬಾಗಿ ಹಾಳಾಗುತ್ತದೆ. ಬೇಗ ಎದ್ದ ತಳಿಗಳು ಹೀಗೆ ಕಳೆದುಕೊಳ್ಳುವ ಹೊತ್ತಿನಲ್ಲಿ ಮಿಲೆನಿಯಮ್ ಇನ್ನೂ ಮಣ್ಣೊಳಗೇ ಇರುತ್ತದೆ. ಹಿಮ ಬೀಳದ ವರ್ಷಗಳಲ್ಲಿ ಜರ್ಸಿ ನೈಟ್ ಅದರ ಹತ್ತಿರ ಹತ್ತಿರ ಬಂದಿದೆ. ಫ್ಯುಸೇರಿಯಂ ಎಂಬ ಶಿಲೀಂಧ್ರದ ಕೊಳೆರೋಗವನ್ನು ಸಾಕಷ್ಟು ತಾಳಿಕೊಳ್ಳುವ ಈ ತಳಿ ಜೇಡಿಯಲ್ಲೂ ಗಟ್ಟಿಯಾಗಿ ನಿಂತಿದೆ. ಕುಡಿಯೂ ದಪ್ಪ. ಮಣ್ಣು ಭಾರಿ ಇರುವವರಿಗೆ ಇದನ್ನು ಧೈರ್ಯವಾಗಿ ಹೇಳುತ್ತೇನೆ.

ಮೇರಿ ವಾಷಿಂಗ್ಟನ್‌ಗೆ ದೊಡ್ಡ ಚರಿತ್ರೆಯಿದೆ. 1896ರಲ್ಲಿ ನ್ಯೂಜೆರ್ಸಿಯಲ್ಲಿ ಕಾಣಿಸಿಕೊಂಡ ತುಕ್ಕುರೋಗ ಅಮೆರಿಕದ ಆಸ್ಪರಾಗಸ್ ಹೊಲಗಳನ್ನು ನುಂಗುತ್ತಿದ್ದಾಗ, ಅಲ್ಲಿನ ಕೃಷಿ ಇಲಾಖೆಯ ಜೆ.ಬಿ. ನಾರ್ಟನ್ ರೋಗ ತಡೆಯುವ ಗಿಡಗಳನ್ನು ಆರಿಸಿ ಕೂಡಿಸಿ ಬೆಳೆಸಿದ ಸಾಲಿನದು ಇದು. ಆ ತಳಿಯ ಮೇಲೆ ನನಗೆ ಗೌರವವಿದೆ. ತಕ್ಕಡಿಯಲ್ಲಿ ಮಾತ್ರ ಅದು ಮಿಲೆನಿಯಮ್‌ನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಸುಮಾರು ಅರ್ಧದಷ್ಟು ಗಿಡಗಳು ಹೆಣ್ಣಾದ್ದರಿಂದ ಹಣ್ಣು ಉದುರಿ ಮರಿಸಸಿಗಳು ಪಾತಿ ತುಂಬುತ್ತವೆ. ಅವನ್ನು ಕೀಳದಿದ್ದರೆ ತಾಯಿಗಿಡಕ್ಕೇ ಕಳೆಯಾಗುತ್ತವೆ. ಪರ್ಪಲ್ ಪ್ಯಾಷನ್ ಸಂಖ್ಯೆಯಲ್ಲೂ ತೂಕದಲ್ಲೂ ಕೊನೆಗೆ ನಿಂತಿತು. ಆದರೂ ಅದನ್ನು ಕಿತ್ತುಹಾಕುವುದಿಲ್ಲ. ಇಟಲಿಯ ನೇರಳೆ ತಳಿಯಿಂದ ಬಂದ ಅದರ ಕುಡಿ ಸಿಹಿ, ನಾರು ಕಡಿಮೆ, ಹಸಿಯಾಗಿಯೇ ಕೋಸಂಬರಿಗೆ ಹಾಕಬಹುದು. ಬೇಯಿಸಿದರೆ ಬಣ್ಣ ಹೋಗಿ ಹಸಿರಾಗುತ್ತದೆ. ಪಲ್ಯಕ್ಕೆ, ಹುಳಿಗೆ ಜರ್ಸಿಯೇ ಸಾಕು.

ತಳಿಯಷ್ಟೇ ಇಳುವರಿಯನ್ನು ನಿರ್ಧರಿಸುವುದು ಕೊಯ್ಲು ನಿಲ್ಲಿಸುವ ದಿನ. ಬಹುಪಾಲು ಕುಡಿಗಳು ಪೆನ್ಸಿಲ್‌ಗಿಂತ ಸಣಕಲಾದವು ಎಂದರೆ ಗಡ್ಡೆಯ ದಾಸ್ತಾನು ಮುಗಿಯುತ್ತಿದೆ ಎಂದರ್ಥ. ಅಂದೇ ಕೈ ಬಿಡಬೇಕು. ಬಿಟ್ಟ ಕುಡಿ ಎದೆಯೆತ್ತರ ಬೆಳೆದು ನವಿರಾದ ಗರಿ ಬಿಚ್ಚುತ್ತದೆ. ಮುಂದಿನ ವರ್ಷದ ಮೊಗ್ಗುಗಳೆಲ್ಲ ರೂಪುಗೊಳ್ಳುವುದು ಆ ಗರಿ ಬೇಸಿಗೆಯಿಡೀ ಕೂಡಿಟ್ಟ ಸಕ್ಕರೆಯಿಂದಲೇ. ಹಾಗಾಗಿ ಜುಲೈ, ಆಗಸ್ಟ್‌ಗಳಲ್ಲಿ ನಾನು ನೀರು, ಕಳೆ, ಜೀರುಂಡೆ ಈ ಮೂರನ್ನೂ ಬಿಡದೆ ನೋಡಿಕೊಳ್ಳುತ್ತೇನೆ. ಕುಡಿಯ ಮೇಲೆ ಕಪ್ಪಗೆ, ಸಾಲಾಗಿ ನಿಂತ ಮೊಟ್ಟೆ ಕಂಡರೆ ಆಸ್ಪರಾಗಸ್ ಜೀರುಂಡೆಯದು. ಒರೆಸಿ ತೆಗೆದರೆ ಸಾಕು, ಹಿತ್ತಲಿಗೆ ಔಷಧಿ ಬೇಡ. ಗರಿ ಪೂರ್ತಿ ಹಳದಿಯಾಗುವ ಮುನ್ನ ಕತ್ತರಿಸುವುದಿಲ್ಲ.

ಊರಿನಿಂದ ಕೇಳುವವರು ಹಲವರಿದ್ದಾರೆ, ಮಿಲೆನಿಯಮ್ ಬೀಜ ತರಿಸಲೇ ಎಂದು. ನಮ್ಮ ಕಾಡಿನ ಶತಾವರಿ ಇದೇ ಕುಲದ ಬಳ್ಳಿ, ಆದರೆ ಅದರ ಬೆಲೆ ಬೇರಿನಲ್ಲಿ. ತರಕಾರಿಯ ಆಸ್ಪರಾಗಸ್‌ನಲ್ಲಿ ನನ್ನ ಈ ನಾಲ್ಕರ ಫಲಿತಾಂಶವನ್ನು ಕರ್ನಾಟಕಕ್ಕೆ ಹಾಗೇ ಹೊರಿಸಬಾರದು. ಇಲ್ಲಿನ ಚಳಿಗಾಲ ಗಡ್ಡೆಯನ್ನು ತಿಂಗಳುಗಟ್ಟಲೆ ಮಲಗಿಸುತ್ತದೆ, ಅಲ್ಲಿ ಆ ನಿದ್ದೆಯೇ ಇಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಯುಸಿ 157 ಪೆರುವಿನಂಥ ಬೆಚ್ಚಗಿನ ಕಡೆ ಬಹುಕಾಲದಿಂದ ಬೆಳೆಯುತ್ತಿರುವ ತಳಿ, ಅದರಿಂದ ಶುರುಮಾಡಿ. ಥಾಯ್ಲೆಂಡ್, ತೈವಾನ್‌ಗಳಲ್ಲಿ ಮಾಡುವಂತೆ ಪ್ರತಿ ಗಿಡದಲ್ಲಿ ಕೆಲವು ತಾಯಿಕಾಂಡಗಳನ್ನು ಗರಿ ಬಿಚ್ಚಲು ಬಿಟ್ಟು, ಸುತ್ತ ಏಳುವ ಹೊಸ ಕುಡಿಗಳನ್ನು ಕೊಯ್ಯುತ್ತಾ ಹೋಗಬೇಕು, ಕಾಂಡ ಮುದಿಯಾದಾಗ ಬದಲಿಸಬೇಕು. ಯುಸಿ 157 ಪೂರ್ತಿ ಗಂಡು ತಳಿಯಲ್ಲ. ಹೂ ಬಿಟ್ಟಾಗ ಹೆಣ್ಣು ಗಿಡಗಳಿಗೆ ದಾರ ಕಟ್ಟಿ ಗುರುತಿಸಿ, ಅವುಗಳ ತೂಕವನ್ನು ಬೇರೆ ಪುಟದಲ್ಲಿ ಬರೆಯಿರಿ.