ಮನೆಯನ್ನು ಮಕ್ಕಳಿಗೆ ಮಾರುವ ಮುನ್ನ

ಬಸವನಗುಡಿಯ ನಮ್ಮ ಪಕ್ಕದ ಮನೆಯ ಹಿರಿಯರು ಮಗಳಿಗೆ ಮನೆಯನ್ನು ಹತ್ತು ಲಕ್ಷಕ್ಕೆ ಕ್ರಯ ಮಾಡಿಕೊಡಲು ಹೊರಟಿದ್ದರು. ಮಗಳೇ ಆದರೂ ಕ್ರಯ ಕ್ರಯವೇ. ಎಷ್ಟು ಕಡಿಮೆ ಬರೆಸಿದರೂ ಮುದ್ರಾಂಕ ಶುಲ್ಕ ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ಬೆಲೆಯ ಮೇಲೆಯೇ. ಅದು ಶೇ 5. ಮಾರಿದ ಲಾಭಕ್ಕೆ ಅಪ್ಪ ಕಟ್ಟಬೇಕಾದ ತೆರಿಗೆಯ, ಅಂದರೆ ಬಂಡವಾಳ ಲಾಭದ ಲೆಕ್ಕಕ್ಕೂ ಮಾರ್ಗಸೂಚಿ ಬೆಲೆಯೇ.

ದಾನಪತ್ರವಾದರೆ ಮುದ್ರಾಂಕಕ್ಕೆ ಕೆಲವೇ ಸಾವಿರ, ಆದಾಯ ತೆರಿಗೆ ಇಬ್ಬರಿಗೂ ಇಲ್ಲ. ಆದರೆ ಮಗಳು ಮುಂದೆ ಮಾರಿದಾಗ ಅಪ್ಪ ಕೊಂಡ ಬೆಲೆಯೇ ಅವಳ ಅಸಲು. 2001ರ ಏಪ್ರಿಲ್ 1ಕ್ಕೂ ಮೊದಲು ಕೊಂಡದ್ದಾದರೆ ಆ ಏಪ್ರಿಲ್ 1ರಂದು ಇದ್ದ ಬೆಲೆಯನ್ನು ಹಿಡಿಯಬಹುದು. ಹಾಗಾಗಿ ಹಳೆಯ ಕ್ರಯಪತ್ರ, ಮಹಡಿ ಕಟ್ಟಿಸಿದ ರಸೀದಿಗಳನ್ನು ಟ್ರಂಕಿನಿಂದ ತೆಗೆದು ಅವಳ ಕೈಗೇ ಕೊಟ್ಟುಬಿಡಿ.

ಸಂಕೋಚ ಬೇಡ, ‘ಕೊನೆಯವರೆಗೂ ನೋಡಿಕೊಳ್ಳಬೇಕು’ ಎಂಬ ಷರತ್ತನ್ನೂ ಪತ್ರದಲ್ಲಿ ಬರೆಸಿ. ನಾಳೆ ಮಾತು ತಪ್ಪಿದರೆ ದಾನವನ್ನು ರದ್ದುಮಾಡಿಸಲು 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಕೈಹಿಡಿಯುವುದು ಆ ಒಂದು ಸಾಲಿನಿಂದ.