ಟ್ರಾಂ ಏರಿ ಮೇಲೆ ಸೈಕಲ್ ದಾರಿ: ನನ್ನ ಅನುಭವ

ನಮ್ಮೂರ ಹಿಂದೆ ಒಂದು ಮಣ್ಣಿನ ಏರಿ ಇದೆ. ಕೆರೆ ಏರಿ ಅಲ್ಲ. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಹಿಂದೆ ಓಡುತ್ತಿದ್ದ ಪುಟ್ಟ ರೈಲಿನ ಏರಿ. ನಮ್ಮಲ್ಲಿ ಹಿರಿಯರು ಇವತ್ತಿಗೂ ಟ್ರಾಂ ಅಂತಲೇ ಕರೆಯುತ್ತಾರೆ. ಮೈಸೂರು ಸಂಸ್ಥಾನದ ಕಾಲದ್ದು, ಎರಡು ಹಳಿ ನಡುವೆ ಬರೀ 2 ಅಡಿ. ಈಗಿನ ಬ್ರಾಡ್‌ಗೇಜ್ ಹಳಿಯ ಅಂತರ 5 ಅಡಿ 6 ಇಂಚು, ಅದರ ಪಕ್ಕ ಇಟ್ಟರೆ ಇದು ಆಟಿಕೆ. ಹಳಿ, ಸ್ಲೀಪರ್ ಎಲ್ಲ ಎಂದೋ ಹೋಗಿವೆ. ಉಳಿದಿದ್ದು ಏರಿ, ಅದರಡಿಯ ಕಲ್ಲಿನ ಮೋರಿಗಳು, ಮೇಲೆ ಆಳೆತ್ತರ ಲಂಟಾನ.

ಅದರಲ್ಲಿ 1.6 ಕಿ.ಮೀ. ತುಂಡನ್ನು ನಾವು ನಡೆಯುವುದಕ್ಕೂ ಸೈಕಲ್ ಹೊಡೆಯುವುದಕ್ಕೂ ದಾರಿ ಮಾಡಿಕೊಂಡೆವು. ಶುರುವಾಗಿದ್ದು ಸೈಕಲ್‌ನಿಂದಲೇ. ಎಂಟನೇ ಕ್ಲಾಸಿನ ಮಕ್ಕಳಿಗೆ ಸರ್ಕಾರ ಕೊಟ್ಟ ಸೈಕಲ್‌ಗಳು ಮನೆ ಜಗಲಿ ಮೇಲೆ ತುಕ್ಕು ಹಿಡಿಯುತ್ತಿದ್ದವು. ಮೇನ್ ರೋಡಿನಲ್ಲಿ ಟಿಪ್ಪರ್ ಓಡುವ ಸ್ಪೀಡ್ ನೋಡಿದವರು ಯಾರೂ ಮಕ್ಕಳನ್ನು ಸೈಕಲ್ ಮೇಲೆ ಕಳಿಸಲ್ಲ, ನಾನೂ ಕಳಿಸಿರಲಿಲ್ಲ. ಏರಿ ಮಾತ್ರ ಊರಿನ ಹಿಂಬದಿಯಿಂದ ಹೈಸ್ಕೂಲ್ ಹತ್ತಿರದವರೆಗೆ ನೇರ ಹೋಗುತ್ತದೆ.

ಇನ್ನೊಂದು ಅನುಕೂಲ ಕೆಲಸ ಶುರು ಮಾಡಿದ ಮೇಲೆ ಗೊತ್ತಾಯಿತು. ಆ ಕಾಲದ ಉಗಿಬಂಡಿಗೆ ಕಡಿದಾದ ಏರು ಹತ್ತುವ ಶಕ್ತಿ ಇಲ್ಲ. ಹಾಗಾಗಿ ತಗ್ಗಿದ್ದ ಕಡೆ ಮಣ್ಣು ತುಂಬಿ, ದಿಬ್ಬ ಇದ್ದ ಕಡೆ ಕಡಿದು ದಾರಿ ಮಟ್ಟ ಮಾಡಿದ್ದಾರೆ. ನಾವು ಅಳೆದಲ್ಲೆಲ್ಲ 100 ಅಡಿಗೆ ಒಂದೂವರೆ ಅಡಿಗಿಂತ ಜಾಸ್ತಿ ಏರು ಸಿಗಲಿಲ್ಲ. ಮಂಡಿ ನೋವಿನ ನಮ್ಮ ಅತ್ತೆ ಕೂಡ ಈಗ ದಿನಾ ಸಂಜೆ ಹೋಗಿ ಬರುತ್ತಾರೆ.

ಮೊದಲ ಕೆಲಸ ಗುದ್ದಲಿ ಅಲ್ಲ, ಕಾಗದ. ಹಳಿ ಕಿತ್ತ ತಕ್ಷಣ ಜಾಗ ಊರಿನದಾಗಲ್ಲ. ಗ್ರಾಮ ನಕ್ಷೆ ತೆಗೆಸಿ, ಸರ್ವೆ ನಂಬರ್ ಹಿಡಿದು ಪಹಣಿ ನೋಡಿ. ನಮ್ಮ ತುಂಡು ಪುಣ್ಯಕ್ಕೆ ಸರ್ಕಾರಿ ಅಂತಲೇ ಇತ್ತು. ರೈಲ್ವೆ ಹೆಸರಲ್ಲಿದ್ದರೆ ಅವರ ಒಪ್ಪಿಗೆ ಇಲ್ಲದೆ ಒಂದು ಕಡ್ಡಿ ಕಡಿಯುವಂತಿಲ್ಲ. ಕಾಡಿನ ಕಡೆ ಹೋಗುವ ಭಾಗವನ್ನು ನಾವು ಮುಟ್ಟಲೇ ಇಲ್ಲ, ಆ ಕಡೆ ಭದ್ರಾ ಹುಲಿ ಸಂರಕ್ಷಿತ ಪ್ರದೇಶ, ಆನೆಗಳ ಓಡಾಟ, ಅದರ ಸಹವಾಸ ಬೇಡ. ಗ್ರಾಮಸಭೆಯಲ್ಲಿ ವಿಷಯ ಇಟ್ಟು, ಪಂಚಾಯಿತಿಯಿಂದ ಸರ್ವೆಗೆ ಅರ್ಜಿ ಹಾಕಿಸಿ, ಎರಡೂ ಕಡೆ ಕಲ್ಲು ನೆಡುವಷ್ಟರಲ್ಲಿ ಏಳು ತಿಂಗಳು ಕಳೆಯಿತು.

ಕಲ್ಲು ನೆಟ್ಟ ದಿನವೇ ಜಗಳ. ಒಬ್ಬ ಅಜ್ಜನ ಹನ್ನೊಂದು ಅಡಿಕೆ ಮರ ನಮ್ಮ ಗಡಿಯೊಳಗೆ ಬಂದಿದ್ದವು. "ನಿಮ್ಮ ಹುಡುಗ್ರು ಸೈಕಲ್ ಹೊಡೆಯೋಕೆ ನನ್ನ ಫಸಲು ಬರೋ ಮರ ಕಡೀಬೇಕಾ?" ಅಂದರು. ನನಗೂ ಸಿಟ್ಟು ಬಂತು. ಆಮೇಲೆ ಟೇಪ್ ಹಿಡಿದು ನೋಡಿದರೆ ಮರ ಬಿಟ್ಟೂ ಏಳು ಅಡಿ ದಾರಿ ಉಳಿಯುತ್ತಿತ್ತು. "ಮರ ನಿಮ್ಮದೇ ಇರಲಿ ಅಜ್ಜ, ಹೊಸ ಸಸಿ ಮಾತ್ರ ಇಡಬೇಡಿ" ಅಂದೆ. ಹ್ಞೂಂ ಅನ್ನಲಿಲ್ಲ. ಆದರೆ ಮಾರನೇ ದಿನ ಬೇಲಿ ತಾನೇ ಕಿತ್ತು ಹಿಂದಕ್ಕೆ ಹಾಕಿದ್ದರು.

ಲಂಟಾನವನ್ನು ಮಚ್ಚಿನಲ್ಲಿ ಸವರಿದರೆ ಎರಡು ತಿಂಗಳಲ್ಲಿ ದುಪ್ಪಟ್ಟು ಚಿಗುರುತ್ತದೆ, ನಾವು ಮೊದಲ ಸಲ ಮಾಡಿದ್ದು ಅದನ್ನೇ. ಮಣ್ಣಿನಿಂದ ಮೂರು ಬೆರಳು ಕೆಳಗೆ ಬೇರು ಕಡಿದು, ಗಿಡವನ್ನು ಬೇರು ಮೇಲೆ ಮಾಡಿ ಒಣಗಲು ಬಿಡಬೇಕು. ನರೇಗಾ ಕೂಲಿಯಲ್ಲಿ ಈ ಕೆಲಸ ಚೆನ್ನಾಗಿ ಆಯಿತು, ಬಂದವರಲ್ಲಿ ಹೆಂಗಸರೇ ಜಾಸ್ತಿ. ಅದರಲ್ಲಿ ಜೆಸಿಬಿ ಬಳಸುವಂತಿರಲಿಲ್ಲ, ಬಳಸದಿದ್ದದ್ದೇ ಒಳ್ಳೆಯದಾಯಿತು. ಜೆಸಿಬಿ ಬಂದಿದ್ದರೆ ಮೋರಿಯ ಕಲ್ಲೂ ಎದ್ದು ಬರುತ್ತಿತ್ತು.

ನಮ್ಮ ದೊಡ್ಡ ತಪ್ಪು ಆಗಿದ್ದು ಈ ಮೋರಿಗಳಲ್ಲೇ. ದಾರಿ ಬೇಗ ಕಣ್ಣಿಗೆ ಕಾಣಲಿ ಅಂತ ಮೇ ತಿಂಗಳಲ್ಲಿ ಗರಸು, ಅಂದರೆ ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು, ಹಾಸಿಬಿಟ್ಟೆವು. ಕೆಳಗಿನ ಮೋರಿಗಳು ಹೂಳು ತುಂಬಿ ಮುಚ್ಚಿಹೋಗಿದ್ದವು, ಬಗ್ಗಿ ನೋಡಿದವರು ಯಾರೂ ಇಲ್ಲ. ಜೂನ್ ಕೊನೆಯಲ್ಲಿ ಮಳೆ ಹಿಡಿಯಿತು. ಮೇಲಿನ ಗದ್ದೆಗಳ ನೀರು ಏರಿಗೆ ಅಡ್ಡ ನಿಂತು, ಏರುತ್ತಾ ಏರುತ್ತಾ ದಾರಿ ಮೇಲೆ ಹತ್ತಿ, ಒಂದೇ ರಾತ್ರಿ 40 ಅಡಿ ಉದ್ದದ ಗರಸನ್ನು ಅಡಿಕೆ ತೋಟಕ್ಕೆ ಸುರಿಯಿತು. ಯಾರ ತೋಟ? ಅದೇ ಅಜ್ಜಂದು.

ಮಳೆ ನಿಂತ ಮೇಲೆ ಉಲ್ಟಾ ಮಾಡಿದೆವು. ಮೊದಲು ನೀರು, ಆಮೇಲೆ ದಾರಿ. ಆರು ಮೋರಿ ಇದ್ದವು. ಒಳಗೆ ತೆವಳಿ ಹೋಗುವಷ್ಟೇ ಜಾಗ. ಉದ್ದ ಹಿಡಿಯ ಸಲಿಕೆಯಲ್ಲಿ ಹೂಳು ಎಳೆಯುತ್ತಾ ಹೋದಂತೆ ಚಪ್ಪಡಿ ಕಲ್ಲುಗಳು ಕಂಡವು. ಗಾರೆ ಅಲ್ಲಲ್ಲಿ ಉದುರಿತ್ತೇ ಹೊರತು ಒಂದು ಕಲ್ಲೂ ಜರುಗಿರಲಿಲ್ಲ. ಎರಡೂ ಬದಿ ಚರಂಡಿ ತೋಡಿ ಮೋರಿ ಬಾಯಿಗೆ ಸೇರಿಸಿದೆವು.

ಗರಸು ಮತ್ತೆ ಹಾಸುವಾಗ ದಾರಿಗೆ ಆಮೆಬೆನ್ನು ಕೊಟ್ಟೆವು. 8 ಅಡಿ ಅಗಲಕ್ಕೆ ನಡುವೆ 2 ಇಂಚು ಎತ್ತರ, ಅಷ್ಟು ಸಾಕು, ನೀರು ಎರಡೂ ಕಡೆ ಜಾರುತ್ತದೆ. ಮಟ್ಟ ನೋಡಿದ್ದು ಗಾರೆ ಕೆಲಸದವರ ಟ್ಯೂಬ್ ಲೆವೆಲ್‌ನಲ್ಲಿ. ನೀರು ಹೊಡೆದು ತುಳಿದ ಮೇಲೆ 4 ಇಂಚು ದಪ್ಪ ನಿಲ್ಲಬೇಕು ಅಂತ ಲೆಕ್ಕ ಇಟ್ಟುಕೊಂಡೆವು, ಟ್ರ್ಯಾಕ್ಟರ್ ಲೋಡ್ 170 ದಾಟಿತು. ಜಲ್ಲಿ ಮಾತ್ರ ಹಾಕಬೇಡಿ, ಸೈಕಲ್ ಚಕ್ರ ಹೂತುಹೋಗುತ್ತದೆ.

ರೋಲರ್ ಬಾಡಿಗೆ ಉಳಿಸೋಣ ಅಂತ ಕಣದಲ್ಲಿ ಕಾಳು ಬಿಡಿಸಲು ಉರುಳಿಸುವ ರೋಣಗಲ್ಲನ್ನು ಟ್ರ್ಯಾಕ್ಟರ್‌ಗೆ ಕಟ್ಟಿದ್ದು ನನ್ನ ಐಡಿಯಾ. ನಮ್ಮನೆ ರೋಣಗಲ್ಲಿನ ಒಂದು ತುದಿ ದಪ್ಪ, ಇನ್ನೊಂದು ಸಣ್ಣ, ಕಣದಲ್ಲಿ ಸುತ್ತು ಹಾಕಲು ಕಡೆದ ಕಲ್ಲು ಅದು. ನೇರ ಹೋಗು ಅಂದರೆ ಹೋಗುತ್ತದಾ? ಹತ್ತು ಮಾರು ಹೋಗುವಷ್ಟರಲ್ಲಿ ತಿರುಗಿ ಚರಂಡಿಗೆ ಬಿತ್ತು. ಅದನ್ನು ಮೇಲೆತ್ತಲು ಅರ್ಧ ದಿನ. ಕೊನೆಗೆ ಚಂದಾ ಎತ್ತಿ ರೋಲರ್ ತರಿಸಿದೆವು, ಹುಡುಗರು ಈಗಲೂ ಆ ಜಾಗಕ್ಕೆ ರೋಣಗಲ್ ತಿರುವು ಅಂತಾರೆ.

ಎರಡೂ ತುದಿಯಲ್ಲಿ ಕಲ್ಲುಕಂಬ ನೆಟ್ಟು ನಡುವೆ 4 ಅಡಿ ಜಾಗ ಬಿಟ್ಟಿದ್ದೇವೆ. ಟ್ರ್ಯಾಕ್ಟರ್, ಕಾರು ಬರಲ್ಲ. ಬೈಕ್ ಬರುತ್ತದೆ. ಬೈಕ್ ತಡೆಯುವಷ್ಟು ಕಿರಿದು ಮಾಡಿದರೆ ಗಾಲಿಕುರ್ಚಿಯೂ ನಿಲ್ಲುತ್ತದೆ, ಊರಲ್ಲಿ ಇಬ್ಬರಿಗೆ ಅದು ಬೇಕು. ಹಾಗಾಗಿ ಬೈಕಿನವರ ಜೊತೆ ಬಾಯಿ ಜಗಳವೇ ಗತಿ, ಆ ಕೆಲಸ ಅಡಿಕೆ ಮರದ ಅಜ್ಜ ವಹಿಸಿಕೊಂಡಿದ್ದಾರೆ. ಸಂಜೆ ಕಂಬದ ಪಕ್ಕ ಕೂತಿರುತ್ತಾರೆ, ಕೈಯಲ್ಲಿ ಕೋಲು.

ಇದು ಮೂರನೇ ಮಳೆಗಾಲ. ಮೊದಲ ಮಳೆಗೆ ಮುಂಚೆ ಸಲಿಕೆ ಹಿಡಿದು ಆರೂ ಮೋರಿ ನೋಡಿ ಬಂದೆವು. ನಾಲ್ಕನೆಯದರಲ್ಲಿ ಯಾರೋ ಅಡಿಕೆ ಸಿಪ್ಪೆ ತಂದು ಸುರಿದಿದ್ದರು, ಎರಡು ಗಾಡಿಯಷ್ಟು. ತೆಗೆದೆವು.