ಹುಲ್ಲು ಚಾಪೆಯಂತೆ ಎದ್ದು ಬಂದಾಗ

ಮೈಸೂರಿನ ನಮ್ಮ ಮನೆ ಮುಂದೆ 20 ಅಡಿ ಉದ್ದ, 15 ಅಡಿ ಅಗಲ ಗರಿಕೆಯ ಹುಲ್ಲುಹಾಸಿದೆ. ಮೂರು ವರ್ಷದ ಹಿಂದೆ, ದಸರಾ ಹೊತ್ತಿಗೆ ಅದು ಅಲ್ಲಲ್ಲಿ ಹಳದಿಯಾಯಿತು. ನೀರು ಸಾಲದೇನೋ ಅಂತ ಜಾಸ್ತಿ ಬಿಟ್ಟೆ. ಯೂರಿಯಾ ಎರಚಿದೆ. ಒಂದು ವಾರ ಹಸಿರಾಗಿ ಮತ್ತೆ ಒಣಗಿತು. ಒಂದು ದಿನ ಸುಮ್ನೆ ಕೈಹಾಕಿ ಎಳೆದರೆ ಹುಲ್ಲು ಚಾಪೆ ಸುತ್ತಿದ ಹಾಗೆ ಎದ್ದು ಬಂತು. ಬೇರೇ ಇಲ್ಲ! ಕೆಳಗೆ ಬೆಳ್ಳಗೆ, ದಪ್ಪಗೆ, ಬಾಗಿ ಮಲಗಿದ, ಬೇರು ತಿನ್ನುವ ಗೊಣ್ಣೆಹುಳುಗಳು. ಒಂದಡಿ ಜಾಗದಲ್ಲಿ ಒಂಬತ್ತು ಎಣಿಸಿದೆ.

ಅಂಗಡಿಯಿಂದ ಹರಳಿನ ವಿಷ ತಂದೆ. ಆದರೆ ಹಾಕಲು ಮನಸ್ಸು ಬರಲಿಲ್ಲ. ಮಗಳು ಅಂಬೆಗಾಲಿಡುತ್ತಿದ್ದದ್ದು ಆ ಹುಲ್ಲಿನ ಮೇಲೆ. ಅಮ್ಮ ಗಣಪತಿಗೆ ಗರಿಕೆ ಕೀಳುವುದೂ ಅಲ್ಲೇ. ಹೇಗೆ ಹಾಕೋದು ಹೇಳಿ?

ಸತ್ತ ಹುಲ್ಲು ತೆಗೆದು ಮಣ್ಣು ಅಗೆದೆ. ಬೆಳಗ್ಗೆ ಗುದ್ದಲಿ ಹಿಡಿದರೆ ಸಾಕು, ಗೊರವಂಕಗಳು ಕಾಲ ಬಳಿಯೇ ಬಂದು ಹುಳು ಹೆಕ್ಕುತ್ತಿದ್ದವು. ಉಳಿದದ್ದನ್ನು ನಾನು ಆರಿಸಿದೆ. ಆಮೇಲೆ 5 ಕೆಜಿ ಬೇವಿನ ಹಿಂಡಿ ಪುಡಿ ಮಾಡಿ ಎರಚಿದೆ. ಮೆಟಾರೈಜಿಯಂ ಅಂತ ಒಂದು ಶಿಲೀಂಧ್ರದ ಪುಡಿ ಸಿಗುತ್ತದೆ. ಅದನ್ನು 1 ಕೆಜಿ ತಂದು ಎರಡು ಚೀಲ ಕೊಟ್ಟಿಗೆ ಗೊಬ್ಬರದಲ್ಲಿ ಕಲಸಿ, ನೆರಳಲ್ಲಿ ಒದ್ದೆ ಗೋಣಿ ಮುಚ್ಚಿ ಹತ್ತು ದಿನ ಇಟ್ಟೆ. ನಂತರ ಸಂಜೆ ಹೊತ್ತು ತೇವ ಮಣ್ಣಿಗೆ ಬೆರೆಸಿದೆ. ಮಣ್ಣು ಒಣಗಿದ್ದರೆ ಇದು ಕೆಲಸ ಮಾಡುವುದಿಲ್ಲ. ಒಂದು ತಿಂಗಳಾದ ಮೇಲೆ ಅಗೆದು ನೋಡಿದರೆ ಕೆಲವು ಹುಳು ಗಟ್ಟಿಯಾಗಿ ಸತ್ತು, ಮೈತುಂಬಾ ಹಸಿರು ಬೂಷ್ಟು ಹಿಡಿದಿತ್ತು. ಆ ದಿನ ನನಗಾದ ಸಮಾಧಾನ ಅಷ್ಟಿಷ್ಟಲ್ಲ.

ಆದರೆ ನಿಜವಾದ ಕೆಲಸ ಇರುವುದು ಬೇಸಿಗೆಯ ಮೊದಲ ದೊಡ್ಡ ಮಳೆಯ ಸಂಜೆ. ಗೊಣ್ಣೆಹುಳುಗಳೇ ಬೆಳೆದು ಕಂದು ದುಂಬಿಗಳಾಗುತ್ತವೆ. ಮಣ್ಣಲ್ಲಿ ಅಡಗಿದ್ದ ಈ ದುಂಬಿಗಳು ಕತ್ತಲಾಗುತ್ತಲೇ ಹೊರಗೆ ಬಂದು ಬೇವಿನ ಮರ ಹತ್ತುತ್ತವೆ. ಎಲೆ ತಿಂದು, ಜೊತೆಗೂಡಿ, ಮತ್ತೆ ಮಣ್ಣಿಗಿಳಿದು ಮೊಟ್ಟೆ ಇಡುತ್ತವೆ. ನಮ್ಮ ಗೇಟಿನ ಪಕ್ಕವೇ ಬೇವಿನ ಮರ. ಕೆಳಗೆ ಹಳೇ ಸೀರೆ ಹಾಸಿ ಕೊಂಬೆ ಅಲುಗಿಸಿದರೆ ಪಟಪಟ ಉದುರುತ್ತವೆ. ಸೋಪಿನ ನೀರಿನ ಬಕೆಟ್ಟಿಗೆ ಸುರಿಯುತ್ತೇನೆ. ಮೊದಲ ವರ್ಷ ನಾಲ್ಕು ಸಂಜೆಗೆ ಅರ್ಧ ಬಕೆಟ್ ಆಯಿತು. ಈ ವರ್ಷ ಮೂವತ್ತು ದುಂಬಿ ದಾಟಲಿಲ್ಲ. ಅಕ್ಕಪಕ್ಕದ ಮನೆಯವರೂ ಸೇರಿದ್ದಕ್ಕೇ ಇಷ್ಟಾಯಿತು ಅನಿಸುತ್ತದೆ. ದುಂಬಿಗೆ ಕಾಂಪೌಂಡ್ ಅಡ್ಡ ಬರುವುದಿಲ್ಲ, ಅಲ್ವಾ?

ಯೂರಿಯಾ ನಿಲ್ಲಿಸಿದೆ. ಈಗ ಹದಿನೈದು ದಿನಕ್ಕೊಮ್ಮೆ ಜೀವಾಮೃತ. 20 ಲೀಟರ್ ನೀರಿಗೆ 1 ಕೆಜಿ ಸಗಣಿ, 1 ಲೀಟರ್ ಗಂಜಲ, ಬೆಲ್ಲ ಮತ್ತು ಕಡಲೆ ಹಿಟ್ಟು ತಲಾ 200 ಗ್ರಾಂ, ಒಂದು ಹಿಡಿ ತೋಟದ ಮಣ್ಣು. ನೆರಳಲ್ಲಿ ಎರಡು ದಿನ ಇಟ್ಟು, ಬೆಳಗ್ಗೆ ಸಂಜೆ ಕೋಲಿನಿಂದ ತಿರುಗಿಸಿ, ಹತ್ತು ಪಾಲು ನೀರು ಬೆರೆಸಿ ಹಾಕುತ್ತೇನೆ. ಹುಲ್ಲನ್ನು ಬೋಳಿಸುವುದಿಲ್ಲ, ಒಂದೂವರೆ ಇಂಚು ಬಿಡುತ್ತೇನೆ. ಕತ್ತರಿಸಿದ ಚೂರು ಅಲ್ಲೇ ಗೊಬ್ಬರ.

ಕೊನ್ನಾರಿ ಗಡ್ಡೆ ಅನ್ನುವ ಕಳೆ ಮಾತ್ರ ಇನ್ನೂ ಹೋಗಿಲ್ಲ. ಎಲೆ ಕಿತ್ತರೆ ಕೆಳಗಿನ ಗಡ್ಡೆ ಮತ್ತೆ ಚಿಗುರುತ್ತದೆ. ಮಳೆ ಬಂದ ಮಾರನೇ ದಿನ, ಮಣ್ಣು ಮೆತ್ತಗಿರುವಾಗ, ಗಡ್ಡೆ ಸಮೇತ ಎತ್ತುತ್ತಿದ್ದೇನೆ. ಈಗ ಮಗಳೂ ಪಕ್ಕದಲ್ಲಿ ಕೂತು ಎತ್ತುತ್ತಾಳೆ.